ಮೂಲಧನವೂ ಮೀಸಲು ನಿಧಿಯೂ: ಲೆಕ್ಕಪರಿಶೋಧಕರು ನೋಡುವ ಬಗೆ

ವರ್ಷಕ್ಕೊಮ್ಮೆ ಕಂಪೆನಿಗಳ ವಾರ್ಷಿಕ ವರದಿ ನಮ್ಮಲ್ಲಿ ಅನೇಕರ ಮನೆಗಳಿಗೆ ಬರುತ್ತದೆ. ಹಿಂದೆ ಅದು ಅಂಚೆಯವನ ಕೈಯಿಂದ ಪುಸ್ತಕವಾಗಿ ಬರುತ್ತಿತ್ತು. ಈಗ ಬಹುಮಟ್ಟಿಗೆ ಇ-ಮೇಲಿನಲ್ಲಿ ಬರುತ್ತದೆ. ಯಾವ ರೂಪದಲ್ಲಿ ಬಂದರೂ ಗೃಹಸ್ಥರು ಅದಕ್ಕೆ ಸಲ್ಲಿಸುವ ಮರ್ಯಾದೆ ಮಾತ್ರ ಒಂದೇ ಬಗೆಯದು: ಈ ವರ್ಷದ ಲಾಭಾಂಶವೆಷ್ಟೆಂದು ನೋಡುವುದು, ಉಳಿದುದನ್ನು ಬದಿಗಿಡುವುದು. ಅಂಕಿಗಳ ಪುಟಗಳು ಪಂಡಿತರಿಗೆ, ತಮಗಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ಮುಪ್ಪಿನ ಕಾಲಕ್ಕೆಂದೋ ಕೂಡಿಟ್ಟ ಹಣದ ಗತಿ ಆ ಪುಟಗಳಲ್ಲಿಯೇ ಬರೆದಿರುವುದರಿಂದ, ಅವುಗಳಲ್ಲಿ ಎರಡು ಸಾಲುಗಳನ್ನಾದರೂ ಓದಲು ಕಲಿಯುವುದು ಲೇಸೆಂದು ನಾವು ಭಾವಿಸುತ್ತೇವೆ. ಆ ಸಾಲುಗಳೇ ಷೇರು ಬಂಡವಾಳ ಮತ್ತು ಮೀಸಲು ನಿಧಿ. ಅವು ಸರಿಯೆಂದು ಅಭಿಪ್ರಾಯ ಕೊಡುವ ಹೊಣೆ ಲೆಕ್ಕಪರಿಶೋಧಕರದು. ಅವರು ಅವನ್ನು ಹೇಗೆ ಪರೀಕ್ಷಿಸುತ್ತಾರೆ, ಆ ಪರೀಕ್ಷೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಪದಗಳ ಅರ್ಥವನ್ನು ತಿಳಿಯಬೇಕು. ಪಾಲುದಾರರು ಕಂಪೆನಿಗೆ ತಂದು ಹಾಕಿದ ಮೂಲಧನವೇ ಷೇರು ಬಂಡವಾಳ. ವ್ಯಾಪಾರದಲ್ಲಿ ಬಂದ ಲಾಭದಲ್ಲಿ ಹಂಚದೆ ಉಳಿಸಿಕೊಂಡುದು, ಷೇರನ್ನು ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ ಕೊಟ್ಟಾಗ ಬಂದ ಅಧಿಕ ಹಣ, ಇವೇ ಮೊದಲಾದುವು ಮೀಸಲು. ಬೇಸಾಯಗಾರನ ಮನೆಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಬಿತ್ತನೆಯ ಬೀಜ, ಎರಡನೆಯದು ಕಣಜದಲ್ಲಿ ಉಳಿದ ಕಾಳು. ಬೀಜವನ್ನು ತಿನ್ನಬಾರದು, ಕಾಳನ್ನು ಅಳೆದು ತಿನ್ನಬೇಕು. ಕಂಪೆನಿಗೆ ಸಾಲ ಕೊಟ್ಟವರು ನಂಬಿರುವುದೂ ಇವೆರಡನ್ನೇ. ಏಕೆಂದರೆ ಕಂಪೆನಿ ಮುಳುಗಿದರೆ ಪಾಲುದಾರರ ಸ್ವಂತ ಮನೆಮಾರುಗಳ ಮೇಲೆ ಅವರಿಗೆ ಹಕ್ಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಇಂಥ ಕಂಪೆನಿಗೆ ಸಾವಿರ ಕೋಟಿ ರೂಪಾಯಿ ಮೀಸಲಿದೆ ಎಂದು ಓದಿದ ಕೂಡಲೆ, ಅಷ್ಟು ಹಣ ಯಾವುದೋ ತಿಜೋರಿಯಲ್ಲಿ ಭದ್ರವಾಗಿದೆಯೆಂದು ಜನರು ಊಹಿಸುತ್ತಾರೆ. ಹಾಗೇನೂ ಇರಬೇಕಾದುದಿಲ್ಲ. ಆ ಹಣ ಕಾರ್ಖಾನೆಯ ಕಟ್ಟಡವಾಗಿ, ಯಂತ್ರವಾಗಿ, ಉಗ್ರಾಣದ ಸರಕಾಗಿ, ಗಿರಾಕಿಗಳಿಂದ ಬರಬೇಕಾದ ಬಾಕಿಯಾಗಿ ಮಾರ್ಪಟ್ಟಿರಬಹುದು. ಅಢಾವೆ ಪತ್ರಿಕೆಯ ಒಂದು ಕಡೆ, ಸ್ವತ್ತು ಎಲ್ಲಿದೆ ಎಂಬುದನ್ನು ಹೇಳುತ್ತದೆ. ಇನ್ನೊಂದು ಕಡೆ, ಅದು ಯಾರಿಗೆ ಸೇರಿದ್ದು ಎಂಬುದನ್ನು ಹೇಳುತ್ತದೆ. ಬಂಡವಾಳವೂ ಮೀಸಲೂ ಈ ಎರಡನೆಯ ಕಡೆಗೆ ಸೇರಿದವು. ಹಣದ ಪೆಟ್ಟಿಗೆಯನ್ನು ತೆರೆದು ಎಣಿಸಬಹುದು, ಉಗ್ರಾಣಕ್ಕೆ ಹೋಗಿ ಮೂಟೆಗಳನ್ನು ಲೆಕ್ಕಹಾಕಬಹುದು. ಮೀಸಲನ್ನು ಮಾತ್ರ ಯಾರೂ ಕೈಯಿಂದ ಮುಟ್ಟಿ ನೋಡುವಂತಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಇದನ್ನೇ ಅವಲಂಬಿಸಿದೆ.

ಬಂಡವಾಳದ ಪರೀಕ್ಷೆ ಇವೆರಡರಲ್ಲಿ ಸುಲಭವಾದದ್ದು. ಲೆಕ್ಕಪರಿಶೋಧಕರು ಮೊದಲು ಕಂಪೆನಿಯ ಘಟನಾಪತ್ರವನ್ನು ತರಿಸಿ, ಅದು ಎಷ್ಟು ಬಂಡವಾಳದವರೆಗೆ ಷೇರು ಹೊರಡಿಸಬಹುದೆಂದು ನೋಡುತ್ತಾರೆ. ಆ ಮಿತಿಯನ್ನು ಹೆಚ್ಚಿಸಿದ್ದರೆ ಪಾಲುದಾರರ ಸಭೆಯ ಠರಾವು ಇರಬೇಕು. ೩೦ ದಿನಗಳೊಳಗೆ ಕಂಪೆನಿಗಳ ರಿಜಿಸ್ಟ್ರಾರರಿಗೆ ಸೂಚನೆ ಹೋಗಿರಬೇಕು. ಅನಂತರ ನಿರ್ದೇಶಕರ ನಡವಳಿಕೆ ಪುಸ್ತಕ: ಯಾವ ದಿನ, ಯಾರಿಗೆ, ಎಷ್ಟು ಷೇರು, ಯಾವ ಬೆಲೆಗೆ ಹಂಚಿಕೆಯಾಯಿತು? ಅದಾದ ಮೇಲೆ ಅರ್ಜಿಗಳು, ಬ್ಯಾಂಕಿನ ಲೆಕ್ಕ, ರಿಜಿಸ್ಟ್ರಾರರಿಗೆ ಕಳುಹಿಸಿದ ಹಂಚಿಕೆಯ ತಖ್ತೆ, ಸದಸ್ಯರ ದಫ್ತರ ಇವುಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ಕೆಲವರನ್ನಷ್ಟೆ ಕರೆದು ಖಾಸಗಿಯಾಗಿ ಷೇರು ಕೊಟ್ಟಿದ್ದರೆ ಇನ್ನೂ ಕೆಲವು ಕಟ್ಟಳೆಗಳುಂಟು. ಅಂಥ ಹಣವನ್ನು ನಗದಾಗಿ ಪಡೆಯುವಂತಿಲ್ಲ. ಅದು ಬ್ಯಾಂಕಿನ ಮೂಲಕವೇ ಬಂದು ಪ್ರತ್ಯೇಕ ಖಾತೆಯಲ್ಲಿರಬೇಕು. ೬೦ ದಿನಗಳೊಳಗೆ ಷೇರು ಹಂಚದಿದ್ದರೆ ಮುಂದಿನ ೧೫ ದಿನಗಳಲ್ಲಿ ಹಣ ಹಿಂದಿರುಗಬೇಕು. ಮೊದಲ ವರ್ಷ ಇವೆಲ್ಲವನ್ನೂ ನೋಡಿದ ಮೇಲೆ, ಮುಂದಿನ ವರ್ಷಗಳಲ್ಲಿ ಆದ ಬದಲಾವಣೆಗಳನ್ನು ಮಾತ್ರ ನೋಡಿದರೆ ಸಾಕಾಗುತ್ತದೆ.

ಇಷ್ಟು ಕಾಗದಗಳ ನಡುವೆ ಮುಖ್ಯವಾದ ಪ್ರಶ್ನೆ ಒಂದೇ: ಹಣ ನಿಜವಾಗಿ ಬಂದಿತೆ? ೨೦೧೩ರ ಕಂಪೆನಿ ಕಾಯಿದೆ ತನ್ನ ೧೪೩ನೆಯ ಕಲಮಿನಲ್ಲಿ ಈ ಪ್ರಶ್ನೆಯನ್ನು ಲೆಕ್ಕಪರಿಶೋಧಕರ ಬಾಯಲ್ಲಿಯೇ ಇಟ್ಟಿದೆ. ನಗದಿಗೆ ಷೇರು ಹಂಚಿದೆವೆಂದು ಪುಸ್ತಕದಲ್ಲಿ ಬರೆದಿದ್ದರೆ, ಆ ನಗದು ವಾಸ್ತವವಾಗಿ ಬಂದಿದೆಯೇ ಎಂದು ಅವರು ವಿಚಾರಿಸತಕ್ಕದ್ದು. ಬಂದಿಲ್ಲವಾದರೆ ಪುಸ್ತಕದಲ್ಲಿಯೂ ಅಢಾವೆ ಪತ್ರಿಕೆಯಲ್ಲಿಯೂ ಹೇಳಿರುವ ಸ್ಥಿತಿ ಸರಿಯಾದದ್ದೇ, ಜನರನ್ನು ದಾರಿತಪ್ಪಿಸುವಂಥದೇ ಎಂದು ನೋಡತಕ್ಕದ್ದು. ಇದು ಸುಮ್ಮನೆ ಬರೆದ ಮಾತಲ್ಲ. ಬೆಳಿಗ್ಗೆ ಬಂಡವಾಳವೆಂದು ಬಂದ ಹಣ, ಸಂಜೆಯೊಳಗೆ ಅದೇ ಪಾಲುದಾರನಿಗೋ ಅವನ ಬಂಧುವಿನ ಸಂಸ್ಥೆಗೋ ಸಾಲವೆಂದು ಹಿಂದಿರುಗಿ ಹೋಗುವುದುಂಟು. ಪುಸ್ತಕದಲ್ಲಿ ಜಮೆ ಇದೆ, ಬ್ಯಾಂಕಿನ ಮುದ್ರೆಯೂ ಇದೆ. ಆದರೆ ಬೀಜ ಹೊಲಕ್ಕೆ ಬೀಳಲೇ ಇಲ್ಲ. ಆದುದರಿಂದ ಜಾಣನಾದ ಪರಿಶೋಧಕನು ಹಣ ಬಂದ ದಿನವನ್ನು ಮಾತ್ರ ನೋಡದೆ, ಅದರ ಮುಂದಿನ ಕೆಲವು ದಿನಗಳ ಬ್ಯಾಂಕು ಲೆಕ್ಕವನ್ನೂ ನೋಡುತ್ತಾನೆ. ಹಣದ ಬದಲು ಜಮೀನನ್ನೋ ಯಂತ್ರವನ್ನೋ ಪಡೆದು ಷೇರು ಕೊಟ್ಟಿದ್ದರೆ, ಕರಾರುಪತ್ರವನ್ನೂ ಬೆಲೆಕಟ್ಟಿದವರ ವರದಿಯನ್ನೂ ಓದುತ್ತಾನೆ. ಹತ್ತು ರೂಪಾಯಿಯ ಯಂತ್ರಕ್ಕೆ ನೂರು ರೂಪಾಯಿಯ ಷೇರು ಕೊಟ್ಟರೆ, ಉಳಿದ ತೊಂಬತ್ತು ರೂಪಾಯಿ ಗಾಳಿಯಲ್ಲಿ ಬರೆದ ಬಂಡವಾಳವಾಗುತ್ತದೆ.

ಷೇರು ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ ಹೋದಾಗ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ಕೊಡಬಹುದು. ಬೆಂಗಳೂರಿನ ಇನ್ಫೋಸಿಸ್ ಕಂಪೆನಿ ೧೯೯೩ರಲ್ಲಿ ಸಾರ್ವಜನಿಕರಿಗೆ ೧೦ ರೂಪಾಯಿ ಮುಖಬೆಲೆಯ ಷೇರನ್ನು ೯೫ ರೂಪಾಯಿಗೆ ನೀಡಿತು. ಇದರಲ್ಲಿ ಬಂಡವಾಳದ ಸಾಲಿಗೆ ಸೇರುವುದು ೧೦ ರೂಪಾಯಿ ಮಾತ್ರ. ಮಿಕ್ಕ ೮೫ ರೂಪಾಯಿ ಷೇರು ಪ್ರೀಮಿಯಂ ಎಂಬ ಮೀಸಲಿಗೆ ಹೋಗುತ್ತದೆ. ಈ ಮೀಸಲು ಲಾಭವಲ್ಲ. ಪಾಲುದಾರರೇ ತಂದ ಹಣ. ಆದುದರಿಂದ ಅದನ್ನು ಲಾಭಾಂಶವಾಗಿ ಹಂಚುವಂತಿಲ್ಲ. ಬೋನಸ್ ಷೇರು ಕೊಡುವುದು, ಷೇರು ಹೊರಡಿಸಿದ ಖರ್ಚನ್ನು ತೀರಿಸುವುದು, ಷೇರುಗಳನ್ನು ಮರಳಿ ಕೊಳ್ಳುವುದು, ಹೀಗೆ ಕಾಯಿದೆ ಎಣಿಸಿ ಹೇಳಿದ ಕೆಲವೇ ಕಾರ್ಯಗಳಿಗೆ ಅದು ಸಲ್ಲುತ್ತದೆ. ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡುವುದಂತೂ ಕೆಲವು ವಿನಾಯಿತಿಗಳ ಹೊರತು ನಿಷಿದ್ಧ.

ಷೇರುಗಳ ಸಂಖ್ಯೆಯನ್ನು ಎಣಿಸುವ ಬಗೆ ಈಚೆಗೆ ಬದಲಾಗಿದೆ. ಹಿಂದೆ ಸದಸ್ಯರ ದಫ್ತರವನ್ನು ಹಾಳೆಹಾಳೆಯಾಗಿ ಕೂಡಿ, ಮೊತ್ತವನ್ನು ಖಾತೆಯ ಮೊತ್ತಕ್ಕೆ ಸರಿಹೊಂದಿಸುತ್ತಿದ್ದರು. ೧೯೯೬ರಲ್ಲಿ ಒಂದು, ೧೯೯೯ರಲ್ಲಿ ಇನ್ನೊಂದು ಡಿಪಾಸಿಟರಿ ಸಂಸ್ಥೆ ಕೆಲಸಕ್ಕೆ ತೊಡಗಿದ ಮೇಲೆ ಷೇರುಪತ್ರಗಳು ಮನೆಯ ಟ್ರಂಕಿನಿಂದ ವಿದ್ಯುನ್ಮಾನದ ಖಾತೆಗಳಿಗೆ ಏರಿದವು. ಮಾರುಕಟ್ಟೆಯಲ್ಲಿ ನಮೂದಾದ ಕಂಪೆನಿಗಳು ಈಗ ಮೂರು ತಿಂಗಳಿಗೊಮ್ಮೆ, ಈ ಎರಡು ಸಂಸ್ಥೆಗಳಲ್ಲಿರುವ ಷೇರುಗಳನ್ನೂ ಕಾಗದದಲ್ಲಿ ಉಳಿದ ಷೇರುಗಳನ್ನೂ ಕೂಡಿ, ಮೊತ್ತವು ಹೊರಡಿಸಿದ ಬಂಡವಾಳಕ್ಕೆ ಸಮನಾಗಿದೆಯೆಂದು ಅರ್ಹರಿಂದ ಪರೀಕ್ಷೆ ಮಾಡಿಸತಕ್ಕದ್ದು. ಒಂದು ಷೇರು ಹೆಚ್ಚಾಗಿ ಕಂಡರೂ ಅದು ಯಾರೋ ಸೃಷ್ಟಿಸಿದ ಹುಸಿ ಷೇರೆಂದು ಸಂಶಯಪಡಬೇಕಾಗುತ್ತದೆ.

ಬಂಡವಾಳ ಬಂದಿತೆಂದು ಖಚಿತವಾದರೆ ಸಾಲದು. ಅದು ಕರಗಿಲ್ಲವೆಂಬುದೂ ಖಚಿತವಾಗಬೇಕು. ಇಲ್ಲಿ ಲಂಡನ್ನಿನ ಒಂದು ಹಳೆಯ ಮೊಕದ್ದಮೆಯನ್ನು ಸ್ಮರಿಸುವುದು ಉಚಿತ. ಜೇಬೆಜ್ ಬಾಲ್ಫರ್ ಎಂಬಾತನು ನಡೆಸುತ್ತಿದ್ದ ಸಂಸ್ಥೆಗಳ ಗುಂಪಿನಲ್ಲಿ ಲಂಡನ್ ಅಂಡ್ ಜನರಲ್ ಬ್ಯಾಂಕ್ ಒಂದು. ಅದು ತನ್ನ ಹಣದಲ್ಲಿ ದೊಡ್ಡ ಭಾಗವನ್ನು ಅದೇ ಗುಂಪಿನವರಿಗೂ ಕೆಲವೇ ಗಿರಾಕಿಗಳಿಗೂ ಸಾಲ ಕೊಟ್ಟಿತ್ತು; ಆಧಾರವಾಗಿ ಪಡೆದ ಸ್ವತ್ತು ಸಾಲದಷ್ಟು ಬಾಳುತ್ತಿರಲಿಲ್ಲ. ಪರಿಶೋಧಕನಾದ ಥಿಯೊಬಾಲ್ಡ್ ಇದನ್ನು ಕಂಡುಹಿಡಿದು ನಿರ್ದೇಶಕರಿಗೆ ಸ್ಪಷ್ಟವಾಗಿ ಬರೆದನು. ಆದರೆ ಪಾಲುದಾರರಿಗೆ ಕೊಟ್ಟ ವರದಿಯಲ್ಲಿ, ಸ್ವತ್ತುಗಳ ಬೆಲೆಯು ಅವು ವಸೂಲಾಗುವುದನ್ನು ಅವಲಂಬಿಸಿದೆ ಎಂಬ ಒಂದು ಸಪ್ಪೆ ಮಾತನ್ನಷ್ಟೆ ಹೇಳಿದನು. ೧೮೯೧ರ ಲೆಕ್ಕದ ಮೇಲೆ ಲಾಭಾಂಶ ಹಂಚಲ್ಪಟ್ಟಿತು. ಇರದ ಲಾಭದಿಂದ ಹಂಚಿದುದರಿಂದ ಅದು ಬಂಡವಾಳದಿಂದಲೇ ಹೋಯಿತು. ೧೮೯೨ರಲ್ಲಿ ಬಾಲ್ಫರನ ಸಂಸ್ಥೆಗಳು ಕುಸಿದು, ಅವುಗಳಲ್ಲಿ ಸೇರಿದ್ದ ಲಿಬರೇಟರ್ ಸೊಸೈಟಿಯಲ್ಲಿ ಹಣವಿಟ್ಟಿದ್ದ ಸಾವಿರಾರು ಸಣ್ಣ ಸಂಸಾರಗಳು ಬೀದಿಗೆ ಬಿದ್ದವು. ೧೮೯೫ರಲ್ಲಿ ಮೇಲ್ಮನವಿ ನ್ಯಾಯಾಲಯವು ಹಾಗೆ ಹಂಚಿಹೋದ ಹಣಕ್ಕೆ ಪರಿಶೋಧಕನೂ ಹೊಣೆಯೆಂದು ತೀರ್ಪಿತ್ತಿತು. ಪಾಲುದಾರರಿಗೆ ತಿಳಿವಳಿಕೆ ಕೊಡುವುದೇ ಪರಿಶೋಧಕನ ಕೆಲಸವಲ್ಲದೆ, ಅವರೇ ವಿಚಾರಿಸಿಕೊಳ್ಳಲಿ ಎಂದು ಸುಳಿವು ಕೊಟ್ಟು ಸುಮ್ಮನಾಗುವುದಲ್ಲ ಎಂಬುದು ಆ ತೀರ್ಪಿನ ಸಾರ.

ಇನ್ನು ಮೀಸಲು ನಿಧಿಯ ವಿಚಾರ. ಪರಿಶೋಧಕರು ಪ್ರತಿಯೊಂದು ಮೀಸಲಿಗೂ ಮೂರು ಪ್ರಶ್ನೆಗಳನ್ನು ಹಾಕುತ್ತಾರೆ. ವರ್ಷದ ಆರಂಭದಲ್ಲಿದ್ದ ಮೊತ್ತವು ಹಿಂದಿನ ವರ್ಷದ ಕೊನೆಯ ಮೊತ್ತಕ್ಕೆ ಸಮವೇ? ವರ್ಷದಲ್ಲಿ ಸೇರಿದುದು ಎಲ್ಲಿಂದ ಬಂತು? ಹೊರಟುದು ಎಲ್ಲಿಗೆ ಹೋಯಿತು, ಆ ದಾರಿಗೆ ಕಾನೂನಿನ ಅಪ್ಪಣೆಯಿದೆಯೆ? ಮೀಸಲುಗಳಲ್ಲಿ ಸ್ವತಂತ್ರವಾದುವು ಕೆಲವು, ಬೀಗ ಹಾಕಿದುವು ಕೆಲವು. ಜಮೀನಿನ ಬೆಲೆ ಏರಿತೆಂದು ಪುಸ್ತಕದಲ್ಲಿ ಏರಿಸಿ ಬರೆದರೆ ಹುಟ್ಟುವ ಮೀಸಲು ಎರಡನೆಯ ಜಾತಿಯದು. ಅದರಿಂದ ಲಾಭಾಂಶವನ್ನಾಗಲಿ ಬೋನಸ್ ಷೇರನ್ನಾಗಲಿ ಕೊಡಲಾಗದು, ಏಕೆಂದರೆ ಜಮೀನು ಮಾರಾಟವಾಗಿಲ್ಲ, ಕಾಸೂ ಕೈಸೇರಿಲ್ಲ. ಬ್ಯಾಂಕುಗಳಿಗಂತೂ ೧೯೪೯ರ ಕಾಯಿದೆಯೇ, ವರ್ಷದ ಲಾಭದಲ್ಲಿ ನೂರಕ್ಕೆ ೨೦ರಷ್ಟನ್ನಾದರೂ ಮೀಸಲಿಗೆ ಹಾಕಬೇಕೆಂದು ವಿಧಿಸಿತು.

ಬೀಗ ಹಾಕಿದ ಮೀಸಲಿನ ಒಳ್ಳೆಯ ಮಾದರಿಯೊಂದು ಮೇಲೆ ಹೇಳಿದ ಕಂಪೆನಿಯ ಲೆಕ್ಕದಲ್ಲಿಯೇ ದೊರೆಯುತ್ತದೆ. ೨೦೧೭ರಲ್ಲಿ ಇನ್ಫೋಸಿಸ್ ೧೩,೦೦೦ ಕೋಟಿ ರೂಪಾಯಿ ವೆಚ್ಚಮಾಡಿ, ತನ್ನದೇ ಷೇರುಗಳನ್ನು ಒಂದಕ್ಕೆ ೧,೧೫೦ ರೂಪಾಯಿಯಂತೆ ಮರಳಿ ಕೊಂಡಿತು. ಹಾಗೆ ಕೊಂಡ ಸುಮಾರು ೧೧.೩ ಕೋಟಿ ಷೇರುಗಳು ರದ್ದಾದವು. ಅವುಗಳ ಮುಖಬೆಲೆ ಆಗ ೫ ರೂಪಾಯಿಯಾಗಿದ್ದುದರಿಂದ ಬಂಡವಾಳದಲ್ಲಿ ಸುಮಾರು ೫೬ ಕೋಟಿ ಕಡಿಮೆಯಾಯಿತು. ಅಷ್ಟೇ ಮೊತ್ತವನ್ನು ಸ್ವತಂತ್ರ ಮೀಸಲಿನಿಂದ ತೆಗೆದು ಬಂಡವಾಳ ವಿಮೋಚನಾ ಮೀಸಲು ಎಂಬ ಬೀಗದ ಪೆಟ್ಟಿಗೆಗೆ ಹಾಕಬೇಕೆಂಬುದು ಕಾಯಿದೆಯ ವಿಧಿ. ಬೀಜ ಕಡಿಮೆಯಾದಷ್ಟು ಕಾಳನ್ನು ಬೀಜವೆಂದು ತೆಗೆದಿರಿಸುವ ಕ್ರಮವಿದು. ಪಾಲುದಾರರಿಗೆ ಹಣ ಹಿಂದಿರುಗಿದರೂ ಸಾಲಗಾರರ ನಂಬಿಕೆಯ ಗೋಡೆ ಕುಗ್ಗಬಾರದೆಂಬುದೇ ಇದರ ಉದ್ದೇಶ.

ಬೋನಸ್ ಷೇರಿನ ವಿಷಯದಲ್ಲಿಯೂ ಒಂದು ಮಾತು. ಅದೇ ಕಂಪೆನಿ ೨೦೧೮ರಲ್ಲಿ ಒಂದು ಷೇರಿಗೆ ಒಂದರಂತೆ ಬೋನಸ್ ಕೊಟ್ಟಾಗ, ಷೇರುಳ್ಳ ಮನೆಗಳಲ್ಲಿ ಹಬ್ಬದ ಸಂತೋಷವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕದಲ್ಲಿ ನಡೆದುದು ಇಷ್ಟೆ: ಮೀಸಲಿನ ಸಾಲಿನಿಂದ ಒಂದು ಮೊತ್ತ ಬಂಡವಾಳದ ಸಾಲಿಗೆ ಸರಿಯಿತು. ಹೊರಗಿನಿಂದ ಒಂದು ಕಾಸೂ ಬರಲಿಲ್ಲ, ಒಳಗಿನಿಂದ ಒಂದು ಕಾಸೂ ಹೋಗಲಿಲ್ಲ. ಒಂದು ರೊಟ್ಟಿಯನ್ನು ಎರಡು ಮಾಡಿ ಹಂಚಿದಂತೆ. ಹಂಚಬಹುದಾಗಿದ್ದ ಕಾಳು ಇನ್ನು ಮುಂದೆ ತಿನ್ನಲಾಗದ ಬೀಜವಾಯಿತೆಂಬುದೇ ಅದರ ನಿಜವಾದ ಅರ್ಥ.

ಲಾಭ ಸಾಲದ ವರ್ಷದಲ್ಲಿ ಹಳೆಯ ಮೀಸಲಿನಿಂದ ಲಾಭಾಂಶ ಕೊಡಬಹುದೇ ಎಂದು ವಾಚಕರು ಕೇಳಬಹುದು. ಕೊಡಬಹುದು, ಆದರೆ ಕಡಿವಾಣವುಂಟು. ೨೦೧೪ರ ನಿಯಮಗಳ ಪ್ರಕಾರ, ಕಳೆದ ಮೂರು ವರ್ಷಗಳ ಲಾಭಾಂಶದ ಸರಾಸರಿ ದರವನ್ನು ಮೀರಬಾರದು. ಬಂಡವಾಳ ಮತ್ತು ಸ್ವತಂತ್ರ ಮೀಸಲುಗಳ ಮೊತ್ತದಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ತೆಗೆದುದರಲ್ಲಿ ಮೊದಲು ಆ ವರ್ಷದ ನಷ್ಟವನ್ನು ತುಂಬಬೇಕು. ಉಳಿಯುವ ಮೀಸಲು ಬಂಡವಾಳದ ನೂರಕ್ಕೆ ೧೫ಕ್ಕಿಂತ ಕೆಳಗಿಳಿಯಬಾರದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬ ನಮ್ಮ ಹಿರಿಯರ ಗಾದೆಯನ್ನೇ ಕಾಯಿದೆಯವರು ಅಂಕಿಗಳಲ್ಲಿ ಬರೆದಂತಿದೆ.

ಕೊಡುವುದನ್ನು ಬಹಿರಂಗವಾಗಿ ಕೊಡಬೇಕೆಂಬ ಪಾಠವನ್ನು ಪ್ರಪಂಚಕ್ಕೆ ಕಲಿಸಿದುದು ಇಂಗ್ಲೆಂಡಿನ ರಾಯಲ್ ಮೆಯಿಲ್ ಹಡಗು ಕಂಪೆನಿಯ ಪ್ರಕರಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಕಂಪೆನಿ ತೆರಿಗೆಗೆಂದು ಬೇಕಾದುದಕ್ಕಿಂತ ಹೆಚ್ಚಿನ ಹಣವನ್ನು ತೆಗೆದಿಟ್ಟಿತ್ತು. ಯುದ್ಧ ಮುಗಿದ ಮೇಲೆ ವ್ಯಾಪಾರ ಕುಗ್ಗಿತು. ಆಗ ಅಧ್ಯಕ್ಷರಾಗಿದ್ದ ಲಾರ್ಡ್ ಕಿಲ್‌ಸಾಂಟ್ ಅವರು ಆ ಗುಪ್ತ ಮೀಸಲಿನಿಂದ ವರ್ಷವರ್ಷವೂ ತೆಗೆದು ತೆಗೆದು ಲಾಭದ ಲೆಕ್ಕಕ್ಕೆ ಸೇರಿಸಿದರು. ೧೯೨೬, ೧೯೨೭ರ ಲೆಕ್ಕಗಳಲ್ಲಿ ಪಾಲುದಾರರು ಲಾಭವನ್ನು ಕಂಡರು; ನಿಜವಾಗಿ ಇದ್ದುದು ನಷ್ಟ. ತೆರಿಗೆಯ ಮೀಸಲುಗಳ ಸರಿಹೊಂದಿಕೆಯೂ ಸೇರಿದೆ ಎಂಬ ನಾಲ್ಕಾರು ಮಾತುಗಳನ್ನು ಪರಿಶೋಧಕ ಮಾರ್ಲೆಂಡರು ಲೆಕ್ಕದಲ್ಲಿ ಸೇರಿಸಿದ್ದರು. ೧೯೩೧ರ ಜುಲೈ ತಿಂಗಳಲ್ಲಿ ಇಬ್ಬರ ಮೇಲೂ ವಿಚಾರಣೆ ನಡೆಯಿತು. ಲೆಕ್ಕಗಳ ವಿಷಯದಲ್ಲಿ ಇಬ್ಬರೂ ನಿರ್ದೋಷಿಗಳೆಂದಾಯಿತು. ಆದರೆ ೧೯೨೮ರಲ್ಲಿ ಸಾಲಪತ್ರಗಳನ್ನು ಮಾರಲು ಹೊರಡಿಸಿದ ಪ್ರಕಟನಪತ್ರ ಸುಳ್ಳೆಂದು ತೀರ್ಮಾನವಾಗಿ, ಕಿಲ್‌ಸಾಂಟರು ೧೨ ತಿಂಗಳ ಸೆರೆವಾಸಕ್ಕೆ ಗುರಿಯಾದರು. ಕಾನೂನಿನ ಬಲೆಯಿಂದ ಪಾರಾದ ಆ ಪದ್ಧತಿ ಜನರ ಮನಸ್ಸಿನಿಂದ ಪಾರಾಗಲಿಲ್ಲ. ಮೀಸಲಿಗೆ ಸೇರಿದುದನ್ನೂ ಅದರಿಂದ ತೆಗೆದುದನ್ನೂ ತೋರಿಸಲೇಬೇಕೆಂದು ಬ್ರಿಟನ್ನಿನ ೧೯೪೮ರ ಕಾಯಿದೆಯೂ ನಮ್ಮ ದೇಶದ ೧೯೫೬ರ ಕಾಯಿದೆಯೂ ವಿಧಿಸಿದವು. ಇಂದು ವರದಿಯಲ್ಲಿ ಮೀಸಲುಗಳ ಏರಿಳಿತದ ತಖ್ತೆಯನ್ನು ನಾವು ಕಾಣುವುದು ಇಂಥ ಅನುಭವಗಳ ಫಲವಾಗಿ.

ಆದರೆ ತಖ್ತೆ ಸರಿಯಾಗಿದ್ದ ಮಾತ್ರಕ್ಕೆ ಮೀಸಲು ನಿಜವಾಗುವುದೆ? ಈ ಪ್ರಶ್ನೆಗೆ ೨೦೦೯ರ ಜನವರಿ ೭ರಂದು ಹೈದರಾಬಾದಿನಿಂದ ಉತ್ತರ ಬಂದಿತು. ಸತ್ಯಂ ಕಂಪ್ಯೂಟರ್ಸ್ ಕಂಪೆನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ಅಂದು ತಮ್ಮ ನಿರ್ದೇಶಕ ಮಂಡಲಿಗೆ ಪತ್ರ ಬರೆದು, ೨೦೦೮ರ ಸೆಪ್ಟೆಂಬರ್ ಕೊನೆಯ ಲೆಕ್ಕದಲ್ಲಿ ತೋರಿಸಿದ್ದ ೫,೩೬೧ ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ ೫,೦೪೦ ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆ ಮೂರು ತಿಂಗಳಲ್ಲಿ ವ್ಯವಹಾರದಿಂದ ಬಂದ ಲಾಭ ೬೪೯ ಕೋಟಿಯೆಂದು ತೋರಿಸಲಾಗಿತ್ತು. ಬಂದಿದ್ದುದು ೬೧ ಕೋಟಿ. ಹೆಚ್ಚಾಗಿ ಬರೆದ ೫೮೮ ಕೋಟಿ ಒಂದು ಕಡೆ ಲಾಭವಾಗಿ, ಅಲ್ಲಿಂದ ಮೀಸಲಾಗಿ ಬೆಳೆಯಿತು. ಇನ್ನೊಂದು ಕಡೆ ಬ್ಯಾಂಕಿನಲ್ಲಿ ಇರದ ಹಣವಾಗಿ ನಿಂತಿತು. ಎರಡು ಕಡೆಯ ಮೊತ್ತಗಳೂ ಸಮವಾಗಿಯೇ ಇದ್ದವು. ಆರಂಭದ ಮೊತ್ತ ಹಿಂದಿನ ಮೊತ್ತಕ್ಕೆ ಸರಿಹೊಂದುತ್ತಿತ್ತು. ಕೂಡುವಿಕೆ ಕಳೆಯುವಿಕೆಗಳಲ್ಲಿ ತಪ್ಪಿರಲಿಲ್ಲ. ಇಲ್ಲದಿದ್ದುದು ಹಣ ಮಾತ್ರ.

ಮೊದಲೇ ನಾವು ಹೇಳಿದ ಸಂಗತಿಯ ಮಹತ್ವ ಈಗ ತಿಳಿದೀತು. ಮೀಸಲನ್ನು ಮೀಸಲಿನ ಪುಟದಲ್ಲಿ ಪರೀಕ್ಷಿಸಿ ಮುಗಿಸಲಾಗದು. ಅದಕ್ಕೆ ಎದುರಾಗಿ ನಿಂತ ಸ್ವತ್ತು ನಿಜವಾಗಿದ್ದಷ್ಟೇ ಮೀಸಲು ನಿಜ. ಆದುದರಿಂದಲೇ ಪರಿಶೋಧಕರು ಬ್ಯಾಂಕಿನ ಶಿಲ್ಕನ್ನು ಕಂಪೆನಿಯವರು ತಂದುಕೊಟ್ಟ ಕಾಗದದಿಂದ ಒಪ್ಪದೆ, ಬ್ಯಾಂಕಿಗೆ ತಾವೇ ಬರೆದು ಉತ್ತರವನ್ನು ತಮ್ಮ ಕೈಗೇ ತರಿಸಿಕೊಳ್ಳಬೇಕು. ಸರಕನ್ನು ಎಣಿಸುವಾಗ ಹಾಜರಿರಬೇಕು. ಗಿರಾಕಿಗಳ ಬಾಕಿ ವಸೂಲಾಗುವಂಥದೇ ಎಂದು ಕೇಳಬೇಕು. ಸವಕಳಿಯನ್ನು ಸರಿಯಾಗಿ ಕಳೆದಿದ್ದಾರೆಯೇ ಎಂದು ನೋಡಬೇಕು. ಇವುಗಳಲ್ಲಿ ಒಂದು ಸಡಿಲವಾದರೂ ಬಂಡವಾಳ ಮೀಸಲುಗಳ ಸಾಲು ಬರಿಯ ಬರವಣಿಗೆಯಾಗಿ ಉಳಿಯುತ್ತದೆ.

ಗೃಹಸ್ಥರು ಪರಿಶೋಧಕರಾಗಬೇಕಾದುದಿಲ್ಲ. ವರದಿ ಬಂದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೆಲವನ್ನು ನೋಡಿದರೆ ಸಾಕು. ಷೇರುಗಳ ಸಂಖ್ಯೆ ವರ್ಷದಲ್ಲಿ ಹೆಚ್ಚಿದ್ದರೆ ಏಕೆ ಹೆಚ್ಚಿತು, ಹಣಕ್ಕೋ ಸ್ವತ್ತಿಗೋ ಬೋನಸ್ಸಿಗೋ ಎಂಬುದನ್ನು ಟಿಪ್ಪಣಿಯಲ್ಲಿ ಹುಡುಕಬೇಕು; ನೂರಕ್ಕೆ ೫ಕ್ಕಿಂತ ಹೆಚ್ಚು ಷೇರುಳ್ಳವರ ಪಟ್ಟಿಯೂ ಅಲ್ಲಿಯೇ ಇರುತ್ತದೆ. ಮೀಸಲು ಬೆಳೆದುದು ವ್ಯಾಪಾರದ ಲಾಭದಿಂದಲೋ ಬೆಲೆ ಏರಿಸಿ ಬರೆದುದರಿಂದಲೋ ಎಂದು ನೋಡಬೇಕು. ಲಾಭ ಪ್ರತಿವರ್ಷವೂ ಹೆಚ್ಚುತ್ತಿದ್ದು, ವ್ಯವಹಾರದಿಂದ ಕೈಗೆ ಬಂದ ನಗದು ಹೆಚ್ಚದಿದ್ದರೆ ಎಚ್ಚರಗೊಳ್ಳಬೇಕು. ಬ್ಯಾಂಕಿನಲ್ಲಿ ರಾಶಿ ಹಣವಿದೆಯೆಂದು ಬರೆದು, ಅದಕ್ಕೆ ತಕ್ಕ ಬಡ್ಡಿಯ ಆದಾಯ ಕಾಣದಿದ್ದರೆ ಇನ್ನೂ ಎಚ್ಚರಗೊಳ್ಳಬೇಕು. ಕೊನೆಯದಾಗಿ ಪರಿಶೋಧಕರ ವರದಿಯಲ್ಲಿ ಒಪ್ಪಿಗೆಯ ಮಾತನ್ನಷ್ಟೆ ಓದದೆ, 'ಆದರೆ' ಎಂಬ ಶಬ್ದ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ಥಿಯೊಬಾಲ್ಡನ ಕಾಲದಿಂದ ಇಂದಿನವರೆಗೂ ಪಾಲುದಾರರಿಗೆ ತಿಳಿಯಬೇಕಾದ ಸತ್ಯ ಅನೇಕ ಸಲ ಅಡಗಿಕೊಂಡಿರುವುದು ಆ ಶಬ್ದದ ಹಿಂದೆಯೇ. ಸಂದೇಹವಿದ್ದರೆ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಒಂದೇ ಷೇರುಳ್ಳವರಿಗೂ ಉಂಟು. ಆ ಹಕ್ಕನ್ನು ಬಳಸುವವರು ಹೆಚ್ಚಿದಷ್ಟೂ ಲೆಕ್ಕ ಬರೆಯುವವರ ಕೈ ಬಿಗಿಯಾಗುತ್ತದೆ.